ಮುರಕಲ್ಲಿನ ಬಾವಿ, ಪಾದೆಗಲ್ಲಿನ ನೀರು

ಅಂತರ್ಜಲದಲ್ಲಿ ಯುರೇನಿಯಂ ಇದೆ ಎಂದರೆ ಸಾಕು, ಜನ ಮೊದಲು ಹುಡುಕುವುದು ತಪ್ಪಿತಸ್ಥನನ್ನು. ಕರಾವಳಿಯಲ್ಲಿ ಬೆರಳು ತೋರಿಸಲು ದಿಕ್ಕುಗಳಿಗೇನೂ ಕೊರತೆಯಿಲ್ಲ. ಉತ್ತರಕ್ಕೆ ಕೈಗಾದ ಅಣುಸ್ಥಾವರವಿದೆ, ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರವಿದೆ, ದಕ್ಷಿಣಕ್ಕೆ ಉಳ್ಳಾಲದ ಮೊನಜೈಟ್ ಮರಳಿದೆ. ಆದರೆ ಈ ಧಾತು ಇವೆಲ್ಲಕ್ಕಿಂತ ಬಹಳ ಹಿಂದಿನದು. ಜರ್ಮನಿಯ ಕ್ಲಾಪ್ರೋಟ್ ಅದನ್ನು ಗುರುತಿಸಿದ್ದು 1789ರಲ್ಲಿ, ಅದು ಕಿರಣ ಸೂಸುತ್ತದೆಂದು ಬೆಕೆರೆಲ್ ಕಂಡುಕೊಂಡದ್ದು 1896ರಲ್ಲಿ. ಗ್ರಾನೈಟ್ ಜಾತಿಯ ಕಲ್ಲಿನಲ್ಲಾದರೋ ಅದು ಭೂಮಿಯ ತೊಗಟೆ ತಣಿದಾಗಿನಿಂದಲೂ ಟನ್ನಿಗೆ ಮೂರು ನಾಲ್ಕು ಗ್ರಾಮಿನಷ್ಟು ಕುಳಿತೇ ಇದೆ. 1432ರಲ್ಲಿ ಭೈರರಸ ವೀರಪಾಂಡ್ಯ ಕಾರ್ಕಳದ ಬಂಡೆಗುಡ್ಡದ ಮೇಲೆ 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದಾಗಲೂ ಅದು ಆ ಕಲ್ಲಿನೊಳಗಿತ್ತು. ಯಾರಿಗೂ ಏನೂ ಆಗಲಿಲ್ಲ, ಏಕೆಂದರೆ ಆ ಕಲ್ಲಿನ ಹೊಟ್ಟೆಯೊಳಗಿನ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಸೀಮೆಯಲ್ಲಿ ಯುರೇನಿಯಂನ ಪ್ರಶ್ನೆ ಎಂದರೆ, ಮೂಲದಲ್ಲಿ, ನಾವು ಯಾವ ಆಳದ ನೀರನ್ನು ಯಾವಾಗ ಕುಡಿಯತೊಡಗಿದೆವು ಎಂಬ ಪ್ರಶ್ನೆ. ಅದರ ಉತ್ತರ ಬಾವಿಯ ಚರಿತ್ರೆಯಲ್ಲಿದೆ.

ಬಾವಿಯ ಚರಿತ್ರೆ ತಿಳಿಯಬೇಕಾದರೆ ಅದರ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಓದಬೇಕು. ಈ ಸೀಮೆಯಲ್ಲಿ ನೆಲ ಅಗೆದರೆ ಮೊದಲು ಸಿಗುವುದು ಮುರಕಲ್ಲು. ಗಾಳಿ ತಾಗಿದರೆ ಗಟ್ಟಿಯಾಗುವ, ಮೈಯೆಲ್ಲ ತೂತಿನ ಈ ಕೆಂಪುಕಲ್ಲಿಗೆ ‘ಲ್ಯಾಟರೈಟ್’ ಎಂಬ ಶಾಸ್ತ್ರೀಯ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ಮರುವರ್ಷ ಕಂಪನಿ ಸರ್ಕಾರದ ಅಪ್ಪಣೆಯ ಮೇಲೆ ಪ್ರವಾಸ ಹೊರಟ ಆತ ಮಲಬಾರಿನಲ್ಲಿ ಅದನ್ನು ಕಂಡು ವರ್ಣಿಸಿದ, 1801ರಲ್ಲಿ ತುಳುನಾಡಿನ ಊರುಗಳನ್ನು ಹಾದುಹೋದ, 1807ರಲ್ಲಿ ಎಲ್ಲವನ್ನೂ ಪ್ರಕಟಿಸಿದ. ಮುರಕಲ್ಲಿನ ಕೆಳಗೆ ಬಿಳಿ, ಹಳದಿ, ಕೆನ್ನೀಲಿ ಬಣ್ಣದ ಶೇಡಿಮಣ್ಣು, ಅದರಡಿ ಅರ್ಧ ಕೊಳೆತ ಕಲ್ಲು, ಕೊನೆಗೆ ಪಾದೆ, ಎಂದರೆ ಕೋಟ್ಯಂತರ ವರ್ಷ ಹಳೆಯ ನೈಸ್ ಮತ್ತು ಗ್ರಾನೈಟ್. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ನಾಡಿದು, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಬಾವಿಯ ನೀರು ಬಗ್ಗಿದರೆ ಕೈಗೆ ಸಿಗುವಷ್ಟು ಮೇಲಕ್ಕೆ ಬರುತ್ತದೆ, ಬೇಸಗೆಯ ಕೊನೆಯ ಪತ್ತನಾಜೆಯ ಹೊತ್ತಿಗೆ ತಳದ ಕಲ್ಲು ಕಾಣುತ್ತದೆ. ಮುರಕಲ್ಲು ನೀರನ್ನು ಬೇಗ ಕುಡಿಯುತ್ತದೆ, ಬೇಗ ಹೊಳೆಗೂ ಗದ್ದೆಗೂ ಬಿಟ್ಟುಕೊಡುತ್ತದೆ. ಬಾವಿ ತೋಡುವವರು ಕೋಲಿನ ಲೆಕ್ಕದಲ್ಲಿ ಇಳಿಯುತ್ತಿದ್ದರು, ಒರತೆ ಸಿಕ್ಕ ಮೇಲೆ ಇನ್ನೊಂದೆರಡು ಕೋಲು ಹೋಗಿ ನಿಲ್ಲುತ್ತಿದ್ದರು. ಪಾದೆ ಸಿಕ್ಕಿದರೆ ಕೆಲಸ ಅಲ್ಲಿಗೆ ಮುಗಿಯಿತು. ಪಿಕಾಸಿ ಹಾರೆಗಳಿಗೆ ಅದೇ ಕೊನೆಯ ಗಡಿ.

ಈ ಗಡಿಯೊಳಗೇ ಒಂದು ಇಡೀ ನೀರಿನ ವ್ಯವಸ್ಥೆ ಬೆಳೆಯಿತು. ಗುಡ್ಡದ ಇಳಿಜಾರಿನಲ್ಲಿ ಮಳೆನೀರನ್ನು ತಡೆದು ಇಂಗಿಸುವ ಮದಕ, ತೋಡಿಗೆ ಅಡ್ಡವಾಗಿ ಮಳೆ ನಿಂತ ಮೇಲೆ ಮಣ್ಣು, ಮರಗಳಿಂದ ಹಾಕಿ ಮುಂದಿನ ಮಳೆಗೆ ಬಿಟ್ಟುಕೊಡುವ ಕಟ್ಟ, ದಕ್ಷಿಣದ ಬಂಟ್ವಾಳ, ಕಾಸರಗೋಡು ಕಡೆಗೆ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗ, ಊರಿಗೊಂದು ಕೆರೆ, ಮನೆಗೊಂದು ಬಾವಿ. ಕಾರ್ಕಳದ ಆನೆಕೆರೆ ಮತ್ತು ರಾಮಸಮುದ್ರ, ವರಂಗದಲ್ಲಿ ಬಸದಿಯನ್ನು ನಡುವೆ ಇಟ್ಟುಕೊಂಡ ಕೆರೆ, ಮಣಿಪಾಲದ ಗುಡ್ಡದ ಮೇಲಿನ ಮಣ್ಣಪಳ್ಳ, ಉಡುಪಿಯ ಮಧ್ವ ಸರೋವರ ಇವೆಲ್ಲ ಆ ವ್ಯವಸ್ಥೆಯ ಗುರುತುಗಳು. ದೀಪಾವಳಿಯ ನೀರು ತುಂಬುವ ಸಂಜೆ ಬಾವಿಕಟ್ಟೆ ತೊಳೆದು, ರಂಗೋಲಿಯಿಟ್ಟು, ಹಂಡೆಗೆ ಹೊಸ ನೀರು ತುಂಬುವ ಪದ್ಧತಿ ಇಂದಿಗೂ ಇದೆ. ಭೂಮಿತಾಯಿಯ ಹಬ್ಬವಾದ ಕೆಡ್ಡಸದ ದಿನಗಳಲ್ಲಿ ನೆಲ ಅಗೆಯಬಾರದೆಂಬ ಕಟ್ಟಳೆಯೂ ಇದೆ. ಈ ಆಚರಣೆಗಳಲ್ಲಿ ಯುರೇನಿಯಂನ ಅರಿವಿತ್ತು ಎಂದು ಹೇಳುವುದು ಮೂರ್ಖತನ. ಗಮನಿಸಬೇಕಾದ ಸಂಗತಿ ಬೇರೆ. ಮದಕವಿರಲಿ, ಕಟ್ಟವಿರಲಿ, ಬಾವಿಯಿರಲಿ, ಅವು ಕೊಡುತ್ತಿದ್ದದ್ದು ಹೆಚ್ಚುಕಡಿಮೆ ಆ ವರ್ಷದ, ಇಲ್ಲವೇ ಹಿಂದಿನ ವರ್ಷದ ಮಳೆಯ ನೀರನ್ನು. ಮಳೆಗಾಲ ಬಂದಾಗ ಹಳೆಯ ನೀರು ಕೊಚ್ಚಿಹೋಗಿ ಹೊಸದು ತುಂಬುತ್ತಿತ್ತು. ನೀರಿಗೂ ಕಲ್ಲಿಗೂ ದೀರ್ಘ ಸಹವಾಸವೇ ಇರಲಿಲ್ಲ.

ಸಹವಾಸದ ಅವಧಿ ಏಕೆ ಮುಖ್ಯ ಎಂಬುದನ್ನು ರಸಾಯನಶಾಸ್ತ್ರ ಸ್ಪಷ್ಟವಾಗಿ ಹೇಳುತ್ತದೆ. ಕಲ್ಲಿನೊಳಗೆ ಆಮ್ಲಜನಕದ ಸಂಪರ್ಕವಿಲ್ಲದೆ ಇರುವ ಯುರೇನಿಯಂ ನೀರಿನಲ್ಲಿ ಬಹುಮಟ್ಟಿಗೆ ಕರಗುವುದಿಲ್ಲ. ಅದು ಆಮ್ಲಜನಕ ಅಥವಾ ನೈಟ್ರೇಟ್ ಸೋಕಿ ಉತ್ಕರ್ಷಣಗೊಂಡು, ಬೈಕಾರ್ಬೊನೇಟ್ ಮತ್ತು ಕ್ಯಾಲ್ಸಿಯಂ ಇರುವ ಗಡಸು ನೀರಿನ ಜೊತೆ ಕೂಡಿದಾಗ ಸರಾಗವಾಗಿ ಕರಗಿ ಹರಿಯುತ್ತದೆ. ನೀರು ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ ಬೈಕಾರ್ಬೊನೇಟ್ ಹೆಚ್ಚುತ್ತದೆ, ಜೊತೆಗೆ ಕರಗುವ ಯುರೇನಿಯಂ ಕೂಡ. ಮುರಕಲ್ಲಿನ ಬಾವಿಯಲ್ಲಿ ಸ್ಥಿತಿ ಇದಕ್ಕೆ ತದ್ವಿರುದ್ಧ. ಅಲ್ಲಿನ ನೀರು ಮೆದು, ತುಸು ಹುಳಿ ಸ್ವಭಾವದ್ದು, ಬೈಕಾರ್ಬೊನೇಟ್ ಕಡಿಮೆ. ಇದಕ್ಕೂ ಮಿಗಿಲಾಗಿ, ಮುರಕಲ್ಲಿಗೆ ಕೆಂಪು ಬಣ್ಣ ಕೊಟ್ಟ ಕಬ್ಬಿಣದ ಆಕ್ಸೈಡುಗಳು ಯುರೇನಿಯಂ ಅನ್ನು ತಮ್ಮ ಮೈಗೆ ಅಂಟಿಸಿಕೊಂಡು ಹಿಡಿದಿಡುತ್ತವೆ. ಆ ಅಂಟುವಿಕೆ ಅತಿ ಬಲವಾಗಿರುವುದು ತುಸು ಹುಳಿಯಿಂದ ಸಮಸ್ಥಿತಿಯವರೆಗಿನ ನೀರಿನಲ್ಲೇ. ಶೇಡಿಮಣ್ಣಿನ ಜೇಡಿಕಣಗಳೂ ಅದೇ ಕೆಲಸ ಮಾಡುತ್ತವೆ. ಹೀಗೆ ಕರಾವಳಿಯ ತೆರೆದ ಬಾವಿಯನ್ನು ಈ ವಿಷದಿಂದ ಮೂರು ಸಂಗತಿಗಳು ಕಾಯುತ್ತಿದ್ದವು: ವರ್ಷವರ್ಷದ ಮಳೆ, ಮೆದುನೀರು ಮತ್ತು ಕಬ್ಬಿಣದ ಕಲ್ಲು. ಪಾದೆಯೊಳಕ್ಕೆ ಹೋದ ನೀರಿಗೆ ಈ ಮೂರರ ರಕ್ಷಣೆಯೂ ತಪ್ಪುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯ ಬಾವಿ ಪವಿತ್ರವಾಗಿತ್ತೆಂದು ತಿಳಿಯಬಾರದು. ಬಾವಿಕಟ್ಟೆ ಜಾತಿಯ ಗಡಿಕಲ್ಲೂ ಆಗಿತ್ತು. ದಲಿತರು, ಕೊರಗರು ಮೇಲ್ಜಾತಿಯವರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ತೋಡಿನ ನೀರು, ಗದ್ದೆಯ ಹೊಂಡದ ನೀರು ಅವರ ಪಾಲಿಗೆ. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರದ ಸಂಸ್ಥೆ ಕಟ್ಟಿ ಬಹಿಷ್ಕಾರ ಎದುರಿಸಿದ್ದು, ಅಂಬೇಡ್ಕರರು 1927ರಲ್ಲಿ ಮಹಾಡದ ಚೌದಾರ್ ಕೆರೆಯ ನೀರನ್ನು ಕುಡಿದು ಹಕ್ಕು ಸಾರಿದ್ದು ಒಂದೇ ಹೋರಾಟದ ಎರಡು ಹಂತಗಳು. ರೋಗದ ಲೆಕ್ಕವೂ ಕಡಿಮೆಯದಲ್ಲ. ತೆರೆದ ಬಾವಿಗೆ ಕೊಳೆ ಇಳಿದರೆ ಕಾಲರಾ, ವಿಷಮಶೀತಜ್ವರ, ಆಮಶಂಕೆ ಮನೆಮನೆಗೆ ನುಗ್ಗುತ್ತಿದ್ದವು. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ಬಂದ 1939ರ ಸಾರ್ವಜನಿಕ ಆರೋಗ್ಯ ಕಾಯಿದೆ ಕುಡಿಯುವ ನೀರಿನ ಮೂಲಗಳನ್ನು ಆರೋಗ್ಯಾಧಿಕಾರಿಗಳ ಕಣ್ಣಿನಡಿ ತಂದದ್ದು ಈ ಹಿನ್ನೆಲೆಯಲ್ಲೇ. ಕೊಳವೆಬಾವಿ ಬಂದಾಗ ಜನ ಅದನ್ನು ಸ್ವಾಗತಿಸಿದ್ದಕ್ಕೆ ಸಕಾರಣವಿತ್ತು. ಮುಚ್ಚಿದ ಬಾಯಿ, ಕೊಳೆ ಇಳಿಯದ ಆಳ, ರಸ್ತೆಬದಿಯಲ್ಲಿ ಯಾರು ಬೇಕಾದರೂ ಒತ್ತಬಹುದಾದ ಹಿಡಿಕೆ, ಇವು ಆ ಕಾಲಕ್ಕೆ ದೊಡ್ಡ ಬಿಡುಗಡೆ.

ಆ ಬಿಡುಗಡೆಯ ಯಂತ್ರ ಹೊರಗಿನಿಂದ ಬಂತು. ಬಿಹಾರದ ಬರದ ವೇಳೆ, 1967ರಲ್ಲಿ, ಯುನಿಸೆಫ್ ಗಟ್ಟಿಕಲ್ಲನ್ನು ಗಾಳಿಯ ಒತ್ತಡದ ಸುತ್ತಿಗೆಯಿಂದ ಕೊರೆಯುವ ರಿಗ್‌ಗಳನ್ನು ಭಾರತಕ್ಕೆ ತಂದಿತು. ಎಪ್ಪತ್ತರ ದಶಕದ ಕೊನೆಗೆ ಇಂಡಿಯಾ ಮಾರ್ಕ್-2 ಕೈಪಂಪು ರೂಪುಗೊಂಡು ದೇಶದ ಹಳ್ಳಿಹಳ್ಳಿಗೆ ಹರಡಿತು. ಆಮೇಲೆ ಸಬ್‌ಮರ್ಸಿಬಲ್ ಪಂಪು ಬಂತು, ತೆಂಗು ಅಡಿಕೆ ತೋಟಕ್ಕೆ ಬೇಸಗೆಯಲ್ಲೂ ನೀರು ಬೇಕಾಯಿತು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭವಾದಾಗ ಬರಡಾಗಿದ್ದ ಮಣಿಪಾಲದ ಮುರಕಲ್ಲ ಗುಡ್ಡ ಆಸ್ಪತ್ರೆ, ಹಾಸ್ಟೆಲ್, ಬಹುಮಹಡಿಗಳ ನಗರವಾಯಿತು. ಈ ಪಲ್ಲಟದಲ್ಲಿ ಹೆಚ್ಚು ಜನ ಗಮನಿಸದ ಒಂದು ತಾಂತ್ರಿಕ ವಿವರವಿದೆ. ಕೊಳವೆಬಾವಿ ಕೊರೆಯುವಾಗ ಮೇಲಿನ ಸಡಿಲ ಮಣ್ಣು ಕುಸಿಯದಂತೆ ಪಾದೆ ಸಿಗುವವರೆಗೂ ಕೇಸಿಂಗ್ ಪೈಪು ಇಳಿಸುತ್ತಾರೆ. ಎಂದರೆ ನಮ್ಮ ಹಿರಿಯರು ಶತಮಾನಗಳ ಕಾಲ ಕುಡಿದ ಮುರಕಲ್ಲಿನ ನೀರನ್ನೂ ಶೇಡಿಯ ನೀರನ್ನೂ ಆ ಪೈಪು ಹೊರಗೇ ತಡೆಯುತ್ತದೆ, ಪಾದೆಯ ಬಿರುಕಿನ ನೀರಿಗೆ ಮಾತ್ರ ದಾರಿ ಬಿಡುತ್ತದೆ. ಹಳೆಯ ಬಾವಿ ಎಲ್ಲಿ ಮುಗಿಯುತ್ತಿತ್ತೋ ಅಲ್ಲಿಂದ ಹೊಸದು ಶುರುವಾಗುತ್ತದೆ. ಇದನ್ನು ಬಾವಿಯ ಸುಧಾರಣೆ ಎಂದು ಕರೆದೆವು. ವಾಸ್ತವದಲ್ಲಿ ಅದು ನೀರಿನ ಮೂಲವನ್ನೇ ಬದಲಿಸಿದ ನಿರ್ಧಾರ. ಆ ನಿರ್ಧಾರವನ್ನು ಯಾವ ಪರೀಕ್ಷೆಯೂ ಇಲ್ಲದೆ ಮನೆಮನೆಯಲ್ಲೂ ಒಂಟಿಯಾಗಿ ತೆಗೆದುಕೊಂಡೆವು. ಅದಕ್ಕೆ 1882ರ ಅನುಭೋಗದ ಹಕ್ಕುಗಳ ಕಾಯಿದೆಯ ಬೆಂಬಲವಿತ್ತು. ಜಾಗ ಯಾರದೋ ಅದರಡಿಯ ನೀರೂ ಅವರದೇ ಎಂಬ ತತ್ತ್ವ ಅದರದ್ದು. ಪಿಕಾಸಿಯ ಕಾಲಕ್ಕೆ ಹೊಂದುವ ಆ ತತ್ತ್ವ ರಿಗ್‌ನ ಕಾಲಕ್ಕೆ ಹೊಂದಲಿಲ್ಲ.

ಮೂಲ ಬದಲಿಸುವ ಮುನ್ನ ಕಲ್ಲನ್ನು ವಿಚಾರಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಂಗಾಳ ಸಾಕ್ಷಿ. ಕೆರೆನೀರಿನ ಕಾಲರಾದಿಂದ ಮಕ್ಕಳನ್ನು ಉಳಿಸಲು ಅಲ್ಲಿ ಲಕ್ಷಾಂತರ ಕೊಳವೆಬಾವಿಗಳನ್ನು ಇಳಿಸಿದರು. ಎಂಬತ್ತರ ದಶಕದ ಆರಂಭದಲ್ಲಿ ಕೋಲ್ಕತ್ತಾದ ಚರ್ಮವೈದ್ಯರ ಬಳಿಗೆ ಅಂಗೈ ಗಂಟುಗಟ್ಟಿದ ಹಳ್ಳಿಗರು ಬರತೊಡಗಿದಾಗ ನೀರಿನಲ್ಲಿ ಆರ್ಸೆನಿಕ್ ಇರುವುದು ತಿಳಿಯಿತು. ಬಾಂಗ್ಲಾದೇಶದಲ್ಲಿ ಅದು ಪತ್ತೆಯಾದದ್ದು 1993ರಲ್ಲಿ, ಕೋಟ್ಯಂತರ ಜನ ಆ ನೀರನ್ನು ಕುಡಿದ ಮೇಲೆ. ನಮ್ಮದೇ ರಾಜ್ಯದ ಪೂರ್ವದ ಬಯಲುಸೀಮೆಯಲ್ಲಿ ನಡೆದದ್ದೂ ಇದಕ್ಕೆ ಹತ್ತಿರದ ಕಥೆ. ಕೆರೆಗಳು ಹೂಳು ತುಂಬಿ, ತೆರೆದ ಬಾವಿಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಮೊದಲು ಫ್ಲೋರೈಡ್ ಕಂಡಿತು, ಆಮೇಲೆ ಯುರೇನಿಯಂ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದ ಆರ್. ಶ್ರೀನಿವಾಸನ್ ಮತ್ತು ಮಂಗಳೂರು ವಿಶ್ವವಿದ್ಯಾಲಯದ ಎನ್. ಕರುಣಾಕರ ಮೊದಲಾದವರು 2021ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಪೂರ್ವ ಕರ್ನಾಟಕದ 73 ಹಳ್ಳಿಗಳ ಕುಡಿಯುವ ನೀರನ್ನು ಪರೀಕ್ಷಿಸಿತು. 57 ಹಳ್ಳಿಗಳಲ್ಲಿ ಲೀಟರಿಗೆ 30 ಮೈಕ್ರೊಗ್ರಾಂನ ಮಿತಿ ಮೀರಿತ್ತು, 48ರಲ್ಲಿ 60 ಕೂಡ ದಾಟಿತ್ತು, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಕೆಲವು ಹಳ್ಳಿಗಳಲ್ಲಿ ಸಾವಿರವನ್ನೂ ಮೀರಿತ್ತು. ಅಲ್ಲಿ ಹೊಸದಾಗಿ ಯಾರೂ ಯುರೇನಿಯಂ ತಂದು ಸುರಿದಿರಲಿಲ್ಲ. ಇಳಿದ ಆಳವೇ ಅದನ್ನು ಮೇಲಕ್ಕೆತ್ತಿತ್ತು.

ಇಲ್ಲಿ ಮೊದಲ ಆಕ್ಷೇಪ ಸಹಜವಾಗಿಯೇ ಏಳುತ್ತದೆ: ಕಾರ್ಕಳ ಕೋಲಾರವಲ್ಲ, ಇಷ್ಟು ಮಳೆಯ ನಾಡಿಗೆ ಅಷ್ಟು ಒಣನಾಡಿನ ಭಯ ಏಕೆ? ಆಕ್ಷೇಪದ ಅರ್ಧಭಾಗ ಪೂರ್ತಿ ಸರಿ. ಮೇಲ್ಪದರದ ನೀರಿನ ಮಟ್ಟಿಗೆ ಕರಾವಳಿ ಅದೃಷ್ಟವಂತ ನಾಡು, ಈ ಬರಹದ ವಾದವೂ ಅದೇ. ಆದರೆ ಮಳೆಯ ಪ್ರಮಾಣ ಕಾಯುವುದು ಮಳೆ ತಲುಪುವ ಪದರವನ್ನು ಮಾತ್ರ. ಐದಾರುನೂರು ಅಡಿ ಕೆಳಗಿನ ಬಿರುಕಿನ ನೀರಿಗೆ ಮೇಲೆ ಆಟಿಯೋ ಪತ್ತನಾಜೆಯೋ ತಿಳಿಯದು. ಫಿನ್‌ಲೆಂಡ್ ಒಣನಾಡಲ್ಲ, ಸರೋವರಗಳ ದೇಶ. ಅಲ್ಲಿಯೂ ತೋಡಿದ ಬಾವಿಗಳಲ್ಲಿ ಯುರೇನಿಯಂ ಅಲ್ಪ, ಗ್ರಾನೈಟ್ ಕೊರೆದ ಬಾವಿಗಳಲ್ಲಿ ಅಧಿಕ. 2002ರಲ್ಲಿ ಪ್ರಕಟವಾದ ಅಲ್ಲಿನ ಒಂದು ಅಧ್ಯಯನದಲ್ಲಿ ಕೊರೆದ ಬಾವಿಯ ನೀರು ಕುಡಿದ 325 ಜನರಿದ್ದರು. ಅವರ ನೀರಿನಲ್ಲಿ ಯುರೇನಿಯಂ ಲೀಟರಿಗೆ 1920 ಮೈಕ್ರೊಗ್ರಾಂವರೆಗೂ ಇತ್ತು. ನಮ್ಮ ಘಟ್ಟದ ಕಲ್ಲೂ ಈ ಧಾತುವಿಗೆ ಹೊಸದಲ್ಲ. ಅಣುಖನಿಜಗಳ ಶೋಧನೆ ನಡೆಸಿದ ಕೇಂದ್ರ ಸರ್ಕಾರದ ಭೂವಿಜ್ಞಾನಿಗಳು ಪಶ್ಚಿಮಘಟ್ಟದ ವಾಲ್ಕುಂಜೆಯಲ್ಲೂ ಯಲ್ಲಾಪುರ ಸೀಮೆಯ ಅರಬೈಲಿನಲ್ಲೂ ಬೆಣಚುಗುಂಡುಗಳ ಪ್ರಾಚೀನ ಪದರಗಳಲ್ಲಿ ಯುರೇನಿಯಂ ಗುರುತಿಸಿದ್ದಾರೆ. ಇದರಿಂದ ಕಾರ್ಕಳದ ಪ್ರತಿ ಬೋರಿನ ನೀರೂ ವಿಷ ಎಂದಾಗುವುದಿಲ್ಲ. ಗಟ್ಟಿಕಲ್ಲಿನ ನೀರು ಬಿರುಕಿನಿಂದ ಬಿರುಕಿಗೆ ಬೇರೆ, ಪಕ್ಕದ ಮನೆಯ ಬೋರಿನ ಫಲಿತಾಂಶ ನಮ್ಮದಕ್ಕೆ ಅನ್ವಯಿಸದು. ಹಾಗಾಗಿ ಜಿಲ್ಲೆಯ ಸರಾಸರಿ ಚೆನ್ನಾಗಿದೆ ಎಂಬ ಸಮಾಧಾನ ಒಂದು ಮನೆಯ ಕೊಡಪಾನಕ್ಕೆ ಉತ್ತರವಾಗಲಾರದು.

ಎರಡನೆಯ ಆಕ್ಷೇಪ ಕಾಪುವಿನಿಂದ ಬರುತ್ತದೆ: ಕಲ್ಲಿನ ಮೇಲೆ ಹೊರೆ ಹಾಕಿ ಕಾರ್ಖಾನೆಯನ್ನು ಪಾರು ಮಾಡುವ ವಾದ ಇದಲ್ಲವೇ? ಎಲ್ಲೂರಿನ ಅನುಭವ ಕಂಡವರಿಗೆ ಈ ಸಂಶಯ ಬರುವುದು ನ್ಯಾಯವೇ. 2010ರಿಂದ ಅಲ್ಲಿ ನಡೆಯುತ್ತಿರುವ ಉಷ್ಣವಿದ್ಯುತ್ ಸ್ಥಾವರ ಸಮುದ್ರದ ನೀರನ್ನು ಪೈಪಿನಲ್ಲಿ ತಂದು ಬಳಸುತ್ತದೆ. ಸುತ್ತಲಿನ ಬಾವಿಗಳು ಉಪ್ಪಾದ ದೂರು, ಹಾರುಬೂದಿಯ ದೂರು ವರ್ಷಗಟ್ಟಲೆ ನಡೆದವು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 52 ಕೋಟಿ ರೂಪಾಯಿ ಮೀರಿದ ಪರಿಸರ ಪರಿಹಾರ ಕಟ್ಟಲು ಆದೇಶಿಸಿತು. ಕಲ್ಲಿದ್ದಲಿನಲ್ಲಿರುವ ಅಲ್ಪ ಯುರೇನಿಯಂ ಬೂದಿಯಲ್ಲಿ ಸಾಂದ್ರಗೊಳ್ಳುತ್ತದೆ ಎಂಬುದೂ ನಿಜ, ಬೂದಿಹೊಂಡದ ಮೇಲೆ ಕಣ್ಣಿಡಬೇಕಾದದ್ದೇ. ಆದರೂ ಎರಡು ದೋಷಗಳನ್ನು ಬೆರೆಸಿದರೆ ಎರಡಕ್ಕೂ ಮದ್ದು ತಪ್ಪುತ್ತದೆ. ಬಾವಿ ಉಪ್ಪಾದರೆ ನಾಲಿಗೆ ಹೇಳುತ್ತದೆ, ಬೂದಿ ಬಿದ್ದರೆ ಕಣ್ಣಿಗೆ ಕಾಣುತ್ತದೆ. ಯುರೇನಿಯಂಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಸಮುದ್ರದ ನೀರಿನಲ್ಲಿರುವ ಯುರೇನಿಯಂ ಲೀಟರಿಗೆ ಮೂರು ಚಿಲ್ಲರೆ ಮೈಕ್ರೊಗ್ರಾಂ ಮಾತ್ರ. ಉಪ್ಪುನೀರು ನುಗ್ಗಿದ ಬಾವಿಗೆ ನೂರು ದೋಷಗಳಿರಬಹುದು, ಇದೊಂದು ಅವುಗಳಲ್ಲಿ ಮುಖ್ಯವಾಗದು. ಸಿಹಿನೀರಿನ ಬಾವಿ ಕೆಟ್ಟ ಮೇಲೆ ಊರಿನವರು ಇನ್ನಷ್ಟು ಆಳದ ಬೋರಿಗೆ ಹೋಗಬೇಕಾದಾಗಲೇ ಎರಡು ಕಥೆಗಳು ಕೂಡಿಕೊಳ್ಳುತ್ತವೆ. ಮೇಲ್ಪದರವನ್ನು ಕೆಡಿಸಿದವರು ಜನರನ್ನು ಪಾದೆಯ ನೀರಿಗೆ ದೂಡಿದಂತಾಗುತ್ತದೆ. ಹೊಣೆ ಅಲ್ಲಿಗೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ.

ಮೂರನೆಯ ಆಕ್ಷೇಪ ಅಂಕಿಗಳದ್ದು. ವಿಶ್ವ ಆರೋಗ್ಯ ಸಂಸ್ಥೆ ಯುರೇನಿಯಂನ ಮಾರ್ಗಸೂಚಿ ಮಿತಿಯನ್ನು 1998ರಲ್ಲಿ ಲೀಟರಿಗೆ 2 ಮೈಕ್ರೊಗ್ರಾಂ ಎಂದಿತು, 2004ರಲ್ಲಿ 15 ಎಂದಿತು, 2011ರಲ್ಲಿ 30ಕ್ಕೆ ಏರಿಸಿತು. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ ಬಹುಕಾಲ 60 ಎಂದಿತು, ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ ಈಗ 30 ಎನ್ನುತ್ತದೆ. ಇಷ್ಟು ಓಲಾಡುವ ಅಂಕಿಯನ್ನು ನಂಬಿ ಭಯಪಡಬೇಕೇ ಎಂದು ಕೇಳುವವರಿದ್ದಾರೆ. ಓಲಾಟಕ್ಕೆ ಕಾರಣಗಳಿವೆ. ಯುರೇನಿಯಂ-238ರ ಅರ್ಧಾಯುಷ್ಯ 447 ಕೋಟಿ ವರ್ಷ, ಅಷ್ಟು ನಿಧಾನವಾಗಿ ಕ್ಷಯಿಸುವ ಧಾತುವಿನ ಕಿರಣದ ಅಪಾಯ ಅದರ ರಾಸಾಯನಿಕ ಅಪಾಯಕ್ಕಿಂತ ಕಡಿಮೆ. 60ರ ಅಂಕಿ ಕಿರಣದ ಲೆಕ್ಕದಿಂದ ಬಂದದ್ದು, 30ರದ್ದು ಮೂತ್ರಪಿಂಡದ ಮೇಲಿನ ರಾಸಾಯನಿಕ ಪರಿಣಾಮವನ್ನು ಮುಂದಿಟ್ಟುಕೊಂಡದ್ದು. ಫಿನ್‌ಲೆಂಡಿನ ಅಧ್ಯಯನ ಕೂಡ ಕಂಡದ್ದು ಮೂತ್ರಪಿಂಡದ ಸೂಕ್ಷ್ಮನಳಿಕೆಗಳ ಕೆಲಸದಲ್ಲಿ ವ್ಯತ್ಯಾಸವನ್ನು, ಎದ್ದು ಕಾಣುವ ಕಾಯಿಲೆಯನ್ನಲ್ಲ. ಆದ್ದರಿಂದ 35 ಎಂಬ ಫಲಿತಾಂಶ ಬಂದವರು ಕಂಗಾಲಾಗಬೇಕಿಲ್ಲ, ಬೇರೆ ಮೂಲ ಹುಡುಕಿದರೆ ಸಾಕು. 500 ಬಂದರೆ ಯಾವ ಸಂಸ್ಥೆಯ ಯಾವ ವರ್ಷದ ಅಂಕಿ ಹಿಡಿದರೂ ಆ ನೀರು ಕುಡಿಯಲು ಯೋಗ್ಯವಲ್ಲ. ಮಿತಿಯ ಚರ್ಚೆ ಗಡಿಯ ಆಚೀಚೆಗಿನ ಬಾವಿಗಳಿಗೆ ಸಂಬಂಧಿಸಿದ್ದು. ಅಳೆಯದೇ ಇರುವುದಕ್ಕೆ ಅದು ನೆಪವಾಗಬಾರದು.

ನಾಲ್ಕನೆಯದು ಅನುಕೂಲಸ್ಥರ ಆಕ್ಷೇಪ: ಹೊಳೆಯ ನೀರು ನಲ್ಲಿಗೆ ಬರುತ್ತಿದೆ, ಮನೆಯಲ್ಲಿ ಶುದ್ಧೀಕರಣ ಯಂತ್ರವಿದೆ, ಇನ್ನು ಬಾವಿಯ ಮಾತೇಕೆ? ಉಡುಪಿ ನಗರಕ್ಕೂ ಮಣಿಪಾಲಕ್ಕೂ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ನೀರು ಬರುತ್ತದೆ, ವಾರಾಹಿಯಿಂದ ತರುವ ಯೋಜನೆಯೂ ರೂಪುಗೊಂಡಿದೆ. ಹೊಳೆನೀರು ಯುರೇನಿಯಂನ ದೃಷ್ಟಿಯಿಂದ ಒಳ್ಳೆಯದೇ. ಆದರೆ 2019ರ ಮೇ ತಿಂಗಳಲ್ಲಿ ಬಜೆ ಬರಿದಾಗಿ ನಗರಕ್ಕೆ ಸರದಿಯ ಮೇಲೆ ನೀರು ಬಿಟ್ಟಾಗ ಟ್ಯಾಂಕರುಗಳು ಬಂದವು. ಟ್ಯಾಂಕರಿಗೆ ಮೂಲ ಎಲ್ಲಿಯದೆಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೊರತೆಯ ತಿಂಗಳಲ್ಲೇ ಪಾದೆಯ ನೀರು ಅತಿ ಹೆಚ್ಚು ಮನೆಗಳನ್ನು ತಲುಪುತ್ತದೆ. ಯಂತ್ರದ ವಿಷಯವೂ ಹೀಗೆಯೇ. ಕುದಿಸಿದರೆ ರೋಗಾಣು ಸಾಯುತ್ತದೆ, ಯುರೇನಿಯಂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. ಆರ್‌ಒ ಅದನ್ನು ಬೇರ್ಪಡಿಸುತ್ತದೆ ನಿಜ, ಬೇರ್ಪಡಿಸಿದ ಗಾಢನೀರು ಚರಂಡಿಗೆ, ತೋಟಕ್ಕೆ, ಕೊನೆಗೆ ನೆಲಕ್ಕೇ ಹೋಗುತ್ತದೆ. ಬಯಲುಸೀಮೆಗೆ ಅದು ಅನಿವಾರ್ಯದ ಔಷಧ. ಸ್ವಭಾವತಃ ಮೆದುನೀರಿರುವ ಕರಾವಳಿಯಲ್ಲಿ ಅಂಗಳದ ಬಾವಿಯನ್ನು ಮುಚ್ಚಿ, ಬೋರು ಕೊರೆದು, ಅದರ ನೀರನ್ನು ಯಂತ್ರದಿಂದ ಸೋಸುವುದು ದುಡ್ಡು ಕೊಟ್ಟು ಕಾಯಿಲೆ ಕೊಂಡು ಮತ್ತೆ ಮದ್ದಿಗೆ ದುಡ್ಡು ಕೊಟ್ಟಂತೆ. ಬಾವಿಯ ರೋಗಾಣುವಿಗೆ ಒಲೆ, ಕ್ಲೋರಿನ್, ದಡದ ಕಟ್ಟೆ, ಮೇಲಿನ ಬಲೆ ಸಾಕು. ಹಳೆಯ ಬಾವಿಯ ಹೊಲಸಿಗೆ ಮನೆಯಲ್ಲೇ ಸುಲಭ ಪರಿಹಾರವಿದೆ, ಹೊಸ ಬಾವಿಯ ಕಲ್ಲಿಗೆ ಅಂಥದ್ದಿಲ್ಲ. ಬಾವಿಯ ಪರವಾಗಿ ಹೇಳಬೇಕಾದ ಅತ್ಯಂತ ಗಟ್ಟಿ ಮಾತು ಇದು.

ನೀರಿನ ಮೂಲವನ್ನು ಕಾಯುವುದೆಂದರೆ ಈ ಸೀಮೆಯಲ್ಲಿ ಮುರಕಲ್ಲಿನ ಪದರವನ್ನು ಕಾಯುವುದು. ಗುಡ್ಡದ ನೆತ್ತಿಯಲ್ಲಿ ಮುರಕಲ್ಲನ್ನು ಯಂತ್ರದಿಂದ ಕೊಯ್ದು ಶೇಡಿ ಕಾಣುವವರೆಗೂ ತೆಗೆದರೆ ಕೆಳಗಿನ ಬಾವಿಗಳ ತಿಜೋರಿಯೇ ಹೋದಂತೆ, ನೀರನ್ನು ಹಿಡಿಯುವ ಕಲ್ಲೂ ಹೋಯಿತು, ಸೋಸುವ ಕಬ್ಬಿಣವೂ ಹೋಯಿತು. ಮದಕಗಳನ್ನು ಸೈಟು ಮಾಡಿದರೆ ಪತ್ತನಾಜೆಗೆ ಮುಂಚೆಯೇ ಬಾವಿ ಆರುತ್ತದೆ, ರಿಗ್ ಬರುತ್ತದೆ. ಶೌಚಗುಂಡಿ ಬಾವಿಗೆ ಒತ್ತಿಕೊಂಡಿದ್ದರೆ ರೋಗಾಣುವಿನ ಜೊತೆಗೆ ನೈಟ್ರೇಟ್ ಕೂಡ ಇಳಿಯುತ್ತದೆ. ಅಮೆರಿಕದ ಅಂತರ್ಜಲಗಳ ಮಾಹಿತಿ ಇಟ್ಟುಕೊಂಡು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ನೈಟ್ರೇಟ್ ಹೆಚ್ಚಿದ್ದಲ್ಲಿ ಯುರೇನಿಯಂ ಕೂಡ ಹೆಚ್ಚಿರುವ ನಂಟನ್ನು ತೋರಿಸಿದೆ. ಮೇಲಿನ ಕೊಳೆ ಕೆಳಗಿನ ಕಲ್ಲಿನ ಬಾಯಿ ಬಿಡಿಸಬಲ್ಲದು. ನೆರೆಯ ಕೇರಳದ ತ್ರಿಶೂರು ಜಿಲ್ಲೆ 2008ರಲ್ಲಿ ‘ಮಳಪ್ಪೊಲಿಮ’ ಎಂಬ ಕಾರ್ಯಕ್ರಮದಡಿ ಮಾಡಿನ ನೀರನ್ನು ಸೋಸಿ ತೆರೆದ ಬಾವಿಗೆ ಇಳಿಸತೊಡಗಿತು. ನಮ್ಮ ಮಣ್ಣೂ ಮಳೆಯೂ ಅಲ್ಲಿಗಿಂತ ಬೇರೆಯಲ್ಲ. ಕಾಸರಗೋಡಿನ ಶ್ರೀಪಡ್ರೆಯವರು ‘ಅಡಿಕೆ ಪತ್ರಿಕೆ’ಯ ಮೂಲಕ ದಶಕಗಳಿಂದ ಮದಕ, ಸುರಂಗ, ಇಂಗುಬಾವಿಗಳ ಕುರಿತು ಬರೆದದ್ದು ಕೃಷಿಯ ನೀರಿಗಷ್ಟೇ ಸಂಬಂಧಿಸಿದ್ದಲ್ಲ ಎಂಬುದು ಯುರೇನಿಯಂನ ಬೆಳಕಿನಲ್ಲಿ ನೋಡಿದರೆ ತಿಳಿಯುತ್ತದೆ.

ಕಾನೂನು ಇಲ್ಲದೆ ಇಲ್ಲ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ಕೊರೆಯಬಾರದೆಂದು ಕರ್ನಾಟಕದ 1999ರ ಅಂತರ್ಜಲ ಕಾಯಿದೆ ಹೇಳಿತು, 2011ರ ಕಾಯಿದೆ ನಿಯಂತ್ರಣಕ್ಕೆ ಪ್ರಾಧಿಕಾರವನ್ನೇ ರಚಿಸಿತು. ಎರಡೂ ಕೇಳುವುದು ಎಷ್ಟು ನೀರು, ಎಷ್ಟು ದೂರ ಎಂಬುದನ್ನು. ಯಾವ ಕಲ್ಲಿನ ನೀರು ಎಂಬ ಪ್ರಶ್ನೆಗೆ ಅಲ್ಲಿ ಜಾಗ ಸಾಲದು. ಆ ಪ್ರಶ್ನೆಗೆ ಉತ್ತರಿಸುವ ಸಾಮರ್ಥ್ಯ ಮಾತ್ರ ಈ ನೆಲದಲ್ಲಿ ಧಾರಾಳವಾಗಿದೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಕಿರಣದ ಸಂಶೋಧನಾ ಕೇಂದ್ರವಿದೆ, ಮಣಿಪಾಲದಲ್ಲಿ ವೈದ್ಯಕೀಯವೂ ತಂತ್ರಜ್ಞಾನವೂ ಒಂದೇ ಗುಡ್ಡದ ಮೇಲಿವೆ. ಹಿಂದೆ ಊರಿನ ಬಾವಿ ಎಷ್ಟು ಕೋಲು, ಯಾವ ತಿಂಗಳಲ್ಲಿ ಎಷ್ಟು ನೀರು, ಎಲ್ಲಿ ಪಾದೆ ಸಿಕ್ಕಿತು ಎಂಬುದು ಇಡೀ ಕೇರಿಗೆ ಗೊತ್ತಿರುತ್ತಿತ್ತು. ಬೋರಿನ ಆಳ ಗೊತ್ತಿರುವುದು ರಿಗ್‌ನವನ ಬಿಲ್ಲಿಗೆ ಮಾತ್ರ. ಬೋರು ಕೊರೆಯಲು ಅನುಮತಿ ಕೊಡುವ ಕಾಗದದಲ್ಲೇ ಆಳ, ಕೇಸಿಂಗಿನ ಉದ್ದ, ಸಿಕ್ಕ ಕಲ್ಲಿನ ಜಾತಿ, ಯುರೇನಿಯಂ, ಫ್ಲೋರೈಡ್, ನೈಟ್ರೇಟುಗಳ ಅಳತೆ ದಾಖಲಾಗಬೇಕು. ಅದು ಜಮೀನಿನ ಪಹಣಿಯಷ್ಟೇ ಬಹಿರಂಗವಾಗಿರಬೇಕು. ಕುಡಿಯಲು ಬಳಸುವ ಪ್ರತಿ ಸಾರ್ವಜನಿಕ ಕೊಳವೆಬಾವಿ ಮತ್ತು ಪ್ರತಿ ಟ್ಯಾಂಕರ್ ಮೂಲದಿಂದ ಇದನ್ನು ಆರಂಭಿಸಬಹುದು. ಅಳತೆ ಮಿತಿಯೊಳಗಿದ್ದರೆ ಭಯ ಹೋಗುತ್ತದೆ, ಮೀರಿದ್ದರೆ ಆ ಬೋರನ್ನು ತೋಟಕ್ಕೆ ಬಿಟ್ಟು ಮುರಕಲ್ಲಿನ ಬಾವಿಗೆ ಮರಳಬೇಕು. ಮರಳಲು ಬಾವಿ ಉಳಿದಿರಬೇಕಾದರೆ, ಮುಚ್ಚುವ ಮೊದಲು ಯೋಚಿಸುವ ಕಾಲ ಇದು.